ಗರ್ಭಕೋಶದ ಹೊರಗೆ ನೆಲೆಯೂರುವ ಗರ್ಭ

ಮುಟ್ಟು ನಿಂತಿದೆ, ಮೂತ್ರ ಪರೀಕ್ಷೆಯಲ್ಲಿ ಗರ್ಭಧಾರಣೆ ಖಚಿತವಾಗಿದೆ. ಆದರೆ ಸ್ಕ್ಯಾನಿಂಗ್ ಮಾಡಿದರೆ ಗರ್ಭಕೋಶ ಬರಿದಾಗಿ ಕಾಣುತ್ತದೆ. ಇಂತಹ ಸಂದರ್ಭದಲ್ಲಿ ವೈದ್ಯರನ್ನು ಕಾಡುವ ಶಂಕೆ ಎಕ್ಟೋಪಿಕ್ ಗರ್ಭ, ಅಂದರೆ ಗರ್ಭಕೋಶದ ಹೊರಗೆ ನೆಲೆಯೂರಿದ ಗರ್ಭದ್ದು. ನೂರು ಗರ್ಭಗಳಲ್ಲಿ ಒಂದೆರಡು ಹೀಗಾಗುತ್ತವೆ.

ಅಂಡಾಣು ಮತ್ತು ವೀರ್ಯಾಣುಗಳ ಮಿಲನ ನಡೆಯುವುದು ಅಂಡನಾಳದಲ್ಲಿ. ಫಲಿತಗೊಂಡ ಅಂಡ ಅಲ್ಲಿಂದ ಕೆಲವೇ ದಿನಗಳಲ್ಲಿ ಗರ್ಭಕೋಶ ಸೇರಬೇಕು. ಹಿಂದಿನ ಸೋಂಕು ಅಥವಾ ಶಸ್ತ್ರಚಿಕಿತ್ಸೆಯಿಂದ ನಾಳ ಹಾಳಾಗಿದ್ದರೆ ಅದು ನಡುದಾರಿಯಲ್ಲೇ ಬೇರೂರುತ್ತದೆ. ಧೂಮಪಾನವೂ ಒಂದು ಕಾರಣ. ಆದರೆ ಸುಮಾರು ಅರ್ಧದಷ್ಟು ಮಹಿಳೆಯರಲ್ಲಿ ಯಾವ ಕಾರಣವೂ ಕಂಡುಬರುವುದಿಲ್ಲ. ಇಂತಹ ಗರ್ಭಗಳಲ್ಲಿ ಶೇ. 90ಕ್ಕೂ ಹೆಚ್ಚು ಅಂಡನಾಳದಲ್ಲೇ ಇರುತ್ತವೆ. ನಾಳವಾದರೋ ಗರ್ಭಕೋಶದಂತೆ ಹಿಗ್ಗಲಾರದು. ಒಡೆದರೆ ಹೊಟ್ಟೆಯೊಳಗೆ ರಕ್ತ ಹರಿಯುತ್ತದೆ. ಕೆಳಹೊಟ್ಟೆಯ ಒಂದು ಪಕ್ಕದಲ್ಲಿ ನೋವು, ಅಲ್ಪ ರಕ್ತಸ್ರಾವ ಆರಂಭದ ಲಕ್ಷಣಗಳು. ತಲೆಸುತ್ತು, ಮೂರ್ಛೆ, ವಿಚಿತ್ರವೆನಿಸಿದರೂ ಭುಜದ ತುದಿಯಲ್ಲಿ ನೋವು ಕಂಡರೆ ಒಳಗೆ ರಕ್ತ ಸೋರುತ್ತಿರುವ ಸಾಧ್ಯತೆ ಇದೆ. ಆಗ ಗಂಟೆಗಳಲ್ಲ, ನಿಮಿಷಗಳೂ ಅಮೂಲ್ಯ.

ನಮ್ಮ ರಾಜ್ಯದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದಾರೆ. ಅದು ವಿಫಲವಾಗುವುದು ಅಪರೂಪ. ಆದರೆ ವಿಫಲವಾಗಿ ನಿಂತ ಗರ್ಭಗಳಲ್ಲಿ ಮೂರನೇ ಒಂದರಷ್ಟು ಎಕ್ಟೋಪಿಕ್ ಆಗಿರುತ್ತವೆ. ‘ಆಪರೇಷನ್ ಆಗಿದೆಯಲ್ಲ’ ಎಂಬ ನಂಬಿಕೆಯಲ್ಲಿ ಮುಟ್ಟು ತಪ್ಪಿದರೂ ಯಾರೂ ಗರ್ಭವನ್ನು ಶಂಕಿಸುವುದಿಲ್ಲ. ಹೊಟ್ಟೆನೋವಿಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಸುಮ್ಮನಾಗುತ್ತಾರೆ. ಸ್ಕ್ಯಾನಿಂಗ್ ಇಲ್ಲದೆ ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದು ನುಂಗುವುದು ಇನ್ನೂ ಅಪಾಯಕರ. ಆ ಮಾತ್ರೆ ನಾಳದೊಳಗಿನ ಗರ್ಭವನ್ನು ತೆಗೆಯುವುದಿಲ್ಲ. ರಕ್ತಸ್ರಾವವಾದಾಗ ಕೆಲಸ ಮುಗಿಯಿತೆಂದು ಭ್ರಮಿಸುವಷ್ಟರಲ್ಲಿ ನಾಳ ಒಡೆದಿರಬಹುದು.

ಯೋನಿಮಾರ್ಗದ ಸ್ಕ್ಯಾನಿಂಗ್ ಹಾಗೂ ರಕ್ತದಲ್ಲಿನ ಬೀಟಾ ಎಚ್‌ಸಿಜಿ ಹಾರ್ಮೋನಿನ ಅಳತೆ ಪತ್ತೆಯ ಎರಡು ಸಾಧನಗಳು. ಒಂದೇ ಅಳತೆಯಿಂದ ತೀರ್ಮಾನವಾಗದು. 48 ಗಂಟೆಗಳ ಬಳಿಕ ಮತ್ತೆ ಅಳೆದಾಗ ನಿರೀಕ್ಷಿತ ಏರಿಕೆ ಇಲ್ಲದಿದ್ದರೆ ಶಂಕೆ ಬಲವಾಗುತ್ತದೆ.

ಈ ಗರ್ಭವನ್ನು ಎತ್ತಿ ಗರ್ಭಕೋಶದಲ್ಲಿ ಇರಿಸುವ ವಿಧಾನ ಇಂದಿಗೂ ಇಲ್ಲ. ಬೇಗ ಪತ್ತೆಯಾಗಿ, ನಾಳ ಒಡೆಯದೆ, ರೋಗಿ ಸ್ಥಿರವಾಗಿದ್ದರೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಸಾಕಾಗಬಹುದು. ಬಳಿಕ ಹಾರ್ಮೋನು ಪೂರ್ತಿ ಇಳಿಯುವವರೆಗೆ ರಕ್ತಪರೀಕ್ಷೆ ತಪ್ಪಿಸುವಂತಿಲ್ಲ. ಫೋಲಿಕ್ ಆಮ್ಲದ ಮಾತ್ರೆಯನ್ನೂ ನಿಲ್ಲಿಸಬೇಕು. ಏಕೆಂದರೆ ಅದು ಔಷಧಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಉಳಿದವರಿಗೆ ಲ್ಯಾಪರೋಸ್ಕೋಪಿ, ತುರ್ತಿನಲ್ಲಿ ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ. ಒಡೆದ ನಾಳವನ್ನು ಕಟ್ಟಿ ತೆಗೆದು ಜೀವ ಉಳಿಸಬಹುದೆಂದು ಬರ್ಮಿಂಗ್‌ಹ್ಯಾಮ್‌ನ ಲಾಸನ್ ಟೇಟ್ 1883ರಲ್ಲಿ ತೋರಿಸಿದ್ದರು. ಅಲ್ಲಿಯವರೆಗೆ ಇದು ಬಹುತೇಕ ಮರಣದಂಡನೆಯೇ ಆಗಿತ್ತು.

ಒಂದು ನಾಳ ಹೋದರೂ ಇನ್ನೊಂದು ಆರೋಗ್ಯವಾಗಿದ್ದರೆ ಮತ್ತೆ ಸಹಜವಾಗಿ ಗರ್ಭ ನಿಲ್ಲಬಲ್ಲದು. ಆದರೆ ಹತ್ತರಲ್ಲಿ ಒಬ್ಬರಿಗೆ ಇದು ಮರುಕಳಿಸುವುದರಿಂದ ಮುಂದಿನ ಬಾರಿ ಆರೇಳನೇ ವಾರದಲ್ಲೇ ಸ್ಕ್ಯಾನಿಂಗ್ ಮಾಡಿಸುವಂತೆ ವೈದ್ಯರು ಸೂಚಿಸುತ್ತಾರೆ.