ತಗ್ಗುಬಿದ್ದ ಪಾತ್ರೆಯ ಬೆಲೆ

ಹೋಟೆಲಿನ ಅಡುಗೆಮನೆಯಲ್ಲಿ ತಗ್ಗುಬಿದ್ದ ಅಲ್ಯೂಮಿನಿಯಂ ಪಾತ್ರೆಗೆ ಯಾರೂ ಮರ್ಯಾದೆ ಕೊಡುವುದಿಲ್ಲ. ಆದರೆ 1884ರಲ್ಲಿ ಆ ಲೋಹವು ಹೆಚ್ಚುಕಡಿಮೆ ಬೆಳ್ಳಿಯ ಬೆಲೆಗೇ ಮಾರಾಟವಾಗುತ್ತಿತ್ತು!

ಬಾಕ್ಸೈಟ್ ಅದಿರಿನಿಂದ ದೊರೆಯುವ ಅಲ್ಯೂಮಿನಾ ಎಂಬ ಬಿಳಿಯ ಪುಡಿಯಲ್ಲಿ ಲೋಹವೂ ಆಮ್ಲಜನಕವೂ ಬಿಗಿಯಾಗಿ ಕೂಡಿಕೊಂಡಿವೆ. ಆ ಪುಡಿ ತಾನಾಗಿ ಕರಗಲು 2,000 ಡಿಗ್ರಿಗೂ ಮಿಗಿಲಾದ ಉಷ್ಣ ಬೇಕು. 1886ರಲ್ಲಿ ಅಮೆರಿಕದ ಚಾರ್ಲ್ಸ್ ಹಾಲ್, ಫ್ರಾನ್ಸಿನ ಪಾಲ್ ಎರೂ ಎಂಬ ತರುಣರಿಬ್ಬರು, ಪರಸ್ಪರ ಅರಿಯದೆಯೇ, ಒಂದೇ ಉಪಾಯವನ್ನು ಕಂಡುಹಿಡಿದರು. ಕಾದು ದ್ರವವಾದ ಕ್ರಯೋಲೈಟಿನಲ್ಲಿ ಅಲ್ಯೂಮಿನಾ ಸುಮಾರು 960 ಡಿಗ್ರಿಯಲ್ಲೇ ಕರಗುವುದು. ಅದರೊಳಗೆ ವಿದ್ಯುತ್ತನ್ನು ಹರಿಸಿದರೆ ಆಮ್ಲಜನಕವು ಇಂಗಾಲದ ಧ್ರುವದತ್ತ ಸರಿದು, ಕರಗಿದ ಲೋಹವು ತಳದಲ್ಲಿ ಶೇಖರವಾಗುವುದು.

ಇಂದಿಗೂ ಇದೇ ಕ್ರಮ. ಒಂದು ಕಿಲೋ ಲೋಹಕ್ಕೆ ಸುಮಾರು 14 ಯೂನಿಟ್ ವಿದ್ಯುತ್ತು ತಗಲುತ್ತದೆ. ಹಳೆಯ ಪಾತ್ರೆಯನ್ನು ಕರಗಿಸಲು ಹೊಸದಕ್ಕೆ ಬೇಕಾದ ಶಕ್ತಿಯ ನೂರರಲ್ಲಿ ಸುಮಾರು 5 ಪಾಲು ಸಾಕು. ಆದುದರಿಂದ ಅದನ್ನು ಕಸಕ್ಕೆಸೆಯದೆ ಗುಜರಿಗೆ ಕೊಡಿರಿ; ಲೋಹವೂ ಉಳಿದೀತು, ವಿದ್ಯುತ್ತೂ ಉಳಿದೀತು.