ಶಾಸನಕರ್ತರೂ ಪರರಾಷ್ಟ್ರ ಸಂಧಾನವೂ

ಕಳೆದ ವರ್ಷ ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಒಂದು ವಿಷಯವನ್ನು ಇಟ್ಟಿದ್ದರು: "ಸರ್ಕಾರವು ಪರರಾಷ್ಟ್ರದೊಡನೆ ಸಂಧಾನ ನಡೆಸುತ್ತಿರುವಾಗ ಶಾಸನಸಭೆಯ ಸದಸ್ಯರು ನಡುವೆ ಬಾಯಿ ಹಾಕುವುದು ಅಪರಾಧ." ನಾನು ವಿಷಯದ ಪರವಾಗಿ ಮಾತನಾಡಿದೆ. 2015ರಲ್ಲಿ ಅಮೆರಿಕದ 47 ಮಂದಿ ಸೆನೆಟರುಗಳು ಇರಾನಿನ ಮುಖಂಡರಿಗೆ ಬರೆದ ಬಹಿರಂಗ ಪತ್ರವನ್ನು ಎತ್ತಿಕೊಂಡು, ಅವರನ್ನೆಲ್ಲ 'ಲೋಗನ್ ಶಾಸನ'ದ ಪ್ರಕಾರ ಸೆರೆಮನೆಗೆ ಕಳಿಸಬೇಕಾಗಿತ್ತೆಂದು ಗುಡುಗಿದೆ. ಚಪ್ಪಾಳೆ ಬಿತ್ತು, ಬಹುಮಾನವೂ ಬಂದಿತು. ಸಭೆ ಮುಗಿದ ಮೇಲೆ ರಾಜ್ಯಶಾಸ್ತ್ರದ ಅಧ್ಯಾಪಕರು ನನ್ನನ್ನು ಪಕ್ಕಕ್ಕೆ ಕರೆದು, "ಆ ಶಾಸನವನ್ನು ಓದಿದ್ದೀಯೇನಪ್ಪಾ?" ಎಂದರು. ನಾನು ಓದಿರಲಿಲ್ಲ. ಅಂದಿನ ನಾಚಿಕೆಯೇ ಈ ಲೇಖನಕ್ಕೆ ಮೂಲ.

ಶಾಸನಕ್ಕೆ ಆ ಹೆಸರು ಬಂದದ್ದು ಒಬ್ಬ ವೈದ್ಯನಿಂದ. ಜಾರ್ಜ್ ಲೋಗನ್ ಫಿಲಡೆಲ್ಫಿಯದವನು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥಕ್ಕೆ ಸೇರಿದವನು. 1798ರಲ್ಲಿ ಫ್ರಾನ್ಸಿಗೂ ಅಮೆರಿಕಕ್ಕೂ ಸಮುದ್ರದ ಮೇಲೆ ಕಾದಾಟ ನಡೆದಿತ್ತು. ಯುದ್ಧವನ್ನು ಸಾರುವುದೊಂದೇ ಬಾಕಿ. ಆಗ ಲೋಗನ್ ಸರ್ಕಾರದ ಅಪ್ಪಣೆಯಿಲ್ಲದೆ ಪ್ಯಾರಿಸಿಗೆ ಹೋಗಿ ವಿದೇಶಾಂಗ ಮಂತ್ರಿ ತಾಲೆರಾನನನ್ನು ಕಂಡನು. ಆ ದಿನಗಳಲ್ಲಿಯೇ ಫ್ರೆಂಚರು ತಾವು ಹಿಡಿದಿಟ್ಟಿದ್ದ ಅಮೆರಿಕದ ನಾವಿಕರನ್ನು ಬಿಟ್ಟರು. ಊರಿಗೆ ಮರಳಿದಾಗ ಒಂದು ಪಕ್ಷದವರು ಅವನನ್ನು ಕೊಂಡಾಡಿದರೆ, ಅಧಿಕಾರದಲ್ಲಿದ್ದ ಫೆಡರಲಿಸ್ಟರು ಕೆಂಡವಾದರು. 1799ರ ಜನವರಿ 30ರಂದು ಶಾಸನ ಹುಟ್ಟಿತು.

ಅದರ ಸಾರ ಇಷ್ಟು: ಸಂಯುಕ್ತ ಸಂಸ್ಥಾನದ ಯಾವ ಪ್ರಜೆಯೂ ದೇಶದ ಅಧಿಕಾರವನ್ನು ಪಡೆಯದೆ, ತನ್ನ ದೇಶದೊಡನೆ ಇರುವ ವಿವಾದದಲ್ಲಿ ಪರಸರ್ಕಾರದ ನಡತೆಯನ್ನು ತಿರುಗಿಸಬೇಕೆಂಬ ಉದ್ದೇಶದಿಂದಾಗಲಿ, ತನ್ನ ಸರ್ಕಾರದ ಕ್ರಮಗಳನ್ನು ಕೆಡಿಸಬೇಕೆಂಬ ಉದ್ದೇಶದಿಂದಾಗಲಿ, ಆ ಸರ್ಕಾರದೊಡನೆ ವ್ಯವಹರಿಸಕೂಡದು. ತಪ್ಪಿದರೆ ಜುಲ್ಮಾನೆ, ಮೂರು ವರ್ಷಗಳವರೆಗೆ ಸೆರೆವಾಸ.

ಓದಿದಾಗ ನನ್ನ ವಾದವೇ ಸರಿಯೆನ್ನಿಸಿತು. ಆದರೆ "ದೇಶದ ಅಧಿಕಾರವನ್ನು ಪಡೆಯದೆ" ಎಂಬ ಮಾತಿನಲ್ಲಿಯೇ ತೊಡಕೆಲ್ಲ ಅಡಗಿದೆ. ಆ ಅಧಿಕಾರವನ್ನು ಕೊಡುವವರು ಯಾರು? ಅಧ್ಯಕ್ಷನೊಬ್ಬನೆಯೋ, ಅಥವಾ ಸೆನೆಟರನಿಗೆ ಅದು ತನ್ನ ಸ್ಥಾನದಿಂದಲೇ ಬಂದಿರುತ್ತದೆಯೋ?

ಅಮೆರಿಕದ ಸಂವಿಧಾನದಂತೆ, ಸೆನೆಟ್ಟಿನ ಸಲಹೆ ಮತ್ತು ಸಮ್ಮತಿಯನ್ನು ಪಡೆದು ಕೌಲುಗಳನ್ನು ಮಾಡಿಕೊಳ್ಳುವವನು ಅಧ್ಯಕ್ಷ. ಸಮ್ಮತಿಗೆ ಹಾಜರಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕು. 'ಸಲಹೆ' ಎಂಬುದನ್ನು ವಾಷಿಂಗ್‌ಟನ್ ಅಕ್ಷರಶಃ ನಂಬಿ, 1789ರ ಆಗಸ್ಟಿನಲ್ಲಿ ತಾನೇ ಸೆನೆಟ್ಟಿಗೆ ಹೋಗಿ, ಮೂಲನಿವಾಸಿಗಳೊಡನೆ ನಡೆಯಬೇಕಾಗಿದ್ದ ಸಂಧಾನದ ಬಗ್ಗೆ ಅಭಿಪ್ರಾಯ ಕೇಳಿದನು. ಸದಸ್ಯರು ಪರಿಶೀಲನೆಗೆ ಕಾಲ ಬೇಕೆಂದರು; ಅಧ್ಯಕ್ಷನು ಬೇಸರಗೊಂಡನು. ಅಲ್ಲಿಂದ ಮುಂದೆ ಮಾತುಕತೆ ಅಧ್ಯಕ್ಷನದು, ಸಮ್ಮತಿ ಸೆನೆಟ್ಟಿನದು ಎಂಬ ರೂಢಿ ಬೆಳೆಯಿತು. ಆ ಸಮ್ಮತಿಯ ಬಲ ಎಷ್ಟೆಂಬುದನ್ನು ವಿಲ್ಸನ್ನನು ಅನುಭವಿಸಿದನು: ಅವನು ತಂದ ವರ್ಸೇಲ್ಸ್ ಕೌಲನ್ನು 1919ರಲ್ಲಿಯೂ 1920ರಲ್ಲಿಯೂ ಸೆನೆಟ್ ತಳ್ಳಿಹಾಕಿತು.

1936ರ ಕರ್ಟಿಸ್–ರೈಟ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸದರ್‌ಲೆಂಡರು, ಸಂಧಾನದ ಕ್ಷೇತ್ರದೊಳಗೆ ಸೆನೆಟ್ ಕಾಲಿಡಲಾರದು ಎಂದು ಬರೆದರು. ಇದನ್ನು ಬರೆದವರು ಸ್ವತಃ ಹಿಂದೆ ಸೆನೆಟರಾಗಿದ್ದವರೆಂಬುದು ಸ್ವಾರಸ್ಯ. ಆದರೆ ಆ ಮೊಕದ್ದಮೆ ನಡೆದದ್ದು ಆಯುಧಗಳ ಮಾರಾಟದ ವಿಷಯವಾಗಿ. ಯಾವ ಸೆನೆಟರನೂ ಅಲ್ಲಿ ಆಪಾದಿತನಾಗಿರಲಿಲ್ಲ. ಇನ್ನೊಂದು ಕಡೆ, 1975ರಲ್ಲಿ ಸ್ಪಾರ್ಕ್‌ಮನ್ ಮತ್ತು ಮೆಕ್‌ಗವರ್ನ್ ಎಂಬ ಸೆನೆಟರುಗಳು ಕ್ಯೂಬಾದ ಅಧಿಕಾರಿಗಳನ್ನು ಕಂಡ ವಿಷಯ ಬಂದಾಗ, ಶಾಸನಕರ್ತರು ತಮ್ಮ ಕರ್ತವ್ಯದ ಅಂಗವಾಗಿ ಪರರಾಷ್ಟ್ರದವರೊಡನೆ ಚರ್ಚಿಸುವುದನ್ನು ಲೋಗನ್ ಶಾಸನ ತಡೆಯುವಂತೆ ಕಾಣುವುದಿಲ್ಲವೆಂದು ಅಮೆರಿಕದ ವಿದೇಶಾಂಗ ಇಲಾಖೆಯೇ ತಿಳಿಸಿತು.

ಹಾಗಾದರೆ ಶಾಸನದ ಉಪಯೋಗವೇನು? ಇನ್ನೂರು ವರ್ಷ ಮೀರಿದ ಅದರ ಬಾಳಿನಲ್ಲಿ ಆಪಾದನೆಗೆ ಗುರಿಯಾದವರೆಂದು ಹೆಸರಿಸುವುದು ಇಬ್ಬರನ್ನೇ: 1803ರಲ್ಲಿ ಪತ್ರಿಕೆಗೆ ಲೇಖನ ಬರೆದ ಕೆಂಟಕಿಯ ರೈತ ಫ್ಲೂರ್ನಾಯ್, 1852ರಲ್ಲಿ ಮೆಕ್ಸಿಕೋದ ಅಧ್ಯಕ್ಷನಿಗೆ ಪತ್ರ ಬರೆದ ಜೋನಸ್ ಲೆವಿ. ಇಬ್ಬರಿಗೂ ಶಿಕ್ಷೆಯಾಗಲಿಲ್ಲ. ಇನ್ನು ಲೋಗನ್? ಅವನು 1801ರಲ್ಲಿ ತಾನೇ ಸೆನೆಟರನಾದನು. ಆ ಸ್ಥಾನ ಬಿಟ್ಟ ಮೇಲೆ 1810ರಲ್ಲಿ, ತನ್ನ ಹೆಸರಿನ ಶಾಸನ ಜಾರಿಯಲ್ಲಿರುವಾಗಲೇ, ಶಾಂತಿಗಾಗಿ ಇಂಗ್ಲೆಂಡಿಗೂ ಹೋಗಿಬಂದನು!

ಈಗ ಆ 47 ಮಂದಿಯ ಪತ್ರಕ್ಕೆ ಬರೋಣ. ಕಾಂಗ್ರೆಸ್ಸಿನ ಒಪ್ಪಿಗೆಯಿಲ್ಲದ ಕರಾರನ್ನು ಮುಂದಿನ ಅಧ್ಯಕ್ಷರು ಲೇಖನಿಯ ಒಂದು ಗೀಟಿನಿಂದ ರದ್ದುಮಾಡಬಹುದೆಂದು ಅವರು ಇರಾನಿಗೆ ಎಚ್ಚರಿಸಿದ್ದರು. ಯಾರ ಮೇಲೂ ಮೊಕದ್ದಮೆ ನಡೆಯಲಿಲ್ಲ. 2015ರ ಜುಲೈ 14ರಂದು ಕರಾರು ಆಯಿತು. 2018ರ ಮೇ ತಿಂಗಳಲ್ಲಿ ಮುಂದಿನ ಅಧ್ಯಕ್ಷರು ಅದರಿಂದ ಹೊರಬಂದರು.

ಇಷ್ಟನ್ನು ಓದಿದ ಮೇಲೆ ನನ್ನ ಅಲ್ಪಮತಿಗೆ ತೋಚಿದ್ದು ಹೀಗೆ. ಪರದೇಶದವರಿಂದ ವಿಷಯ ತಿಳಿಯುವುದು ಶಾಸನಕರ್ತನ ಕರ್ತವ್ಯವೇ ಆಗಿದೆ. ತನ್ನ ಅಭಿಪ್ರಾಯವನ್ನು ಬಹಿರಂಗವಾಗಿ ಸಾರುವುದು ಅವನ ಹಕ್ಕು. ಅದು ಪರರ ಕಿವಿಗೂ ಬಿದ್ದರೆ ಅಪರಾಧವಾಗದು. ಆದರೆ ಮರೆಯಲ್ಲಿ ಕುಳಿತು ದೇಶದ ಪರವಾಗಿ ಮಾತು ಕೊಡುವುದು ಬೇರೆ. ಶಾಸನದ ಹಲ್ಲು ತಾಗುವುದಾದರೆ ಅಲ್ಲಿಯೇ. ಸೆನೆಟರುಗಳ ಪತ್ರ ಎರಡನೆಯ ಬಗೆಯದು. ಅದು ಉಚಿತವೇ ಎಂದು ಕೇಳಿದರೆ, ಅಲ್ಲವೆಂದೇ ಇಂದಿಗೂ ಹೇಳುವೆನು: ಒಂದು ಮನೆಯಿಂದ ಎರಡು ಮಾತು ಹೊರಟರೆ ಎದುರಿನವನು ಯಾವುದನ್ನು ನಂಬಬೇಕು? ಆದರೆ ಅನುಚಿತವಾದದ್ದೆಲ್ಲ ಅಪರಾಧವಲ್ಲ. ಮತದಾರರು ಕೇಳಬೇಕಾದ ಲೆಕ್ಕವನ್ನು ಪೋಲೀಸಿನವರ ಕೈಗೆ ಒಪ್ಪಿಸಿದರೆ, ನಾಳೆ ಸರ್ಕಾರವನ್ನು ಒಪ್ಪದ ಪ್ರತಿಯೊಬ್ಬನಿಗೂ ಅದೇ ಗತಿಯಾದೀತು.

ಅಂದು ಚಪ್ಪಾಳೆ ತಟ್ಟಿದ ಮಿತ್ರರಲ್ಲಿ ಹಲವರು ಈ ಸಂಚಿಕೆಯನ್ನು ಓದುವರು. ನನ್ನ ಎದುರು ಮಾತನಾಡಿ ಸೋತ ಗೆಳೆಯನೂ ಓದುವನು. ಅಂದು ಅವನ ವಾದವೇ ಸರಿಯಾಗಿತ್ತೆಂದು ಇಲ್ಲಿ ಒಪ್ಪಿಕೊಳ್ಳುತ್ತೇನೆ.