ಬೆಳಕಿನ ದಿಕ್ಕು ಬಲ್ಲ ಹರಳು



ಮಳೆ ಹೊಳವಾದಾಗ ಮಗ್ಗೆಯ ತೋಟಗಳಲ್ಲಿ ಕಾಫಿ ಎಲೆ ಮಿರುಗುವುದನ್ನು ನೋಡಿದ್ದೀರಿ. ಬಿಸಿಲಿನ ಅಲೆಗಳು ಎಲ್ಲ ದಿಕ್ಕಿಗೂ ಕಂಪಿಸುತ್ತವೆ. ನುಣುಪಾದ ಎಲೆಗೆ ಓರೆಯಾಗಿ ತಗುಲಿ ಮರಳಿದಾಗ ಬಹುಪಾಲು ಒಂದೇ ದಿಕ್ಕಿಗೆ ಕಂಪಿಸುತ್ತವೆ. ಇದೇ ಧ್ರುವೀಕೃತ ಬೆಳಕು. ಈ ಮಿರುಗನ್ನು ಬೇರ್ಪಡಿಸಿದರೆ ಎಲೆಯ ನಿಜಬಣ್ಣ ತಿಳಿಯುತ್ತದೆ.

ಪೆರೋವ್‌ಸ್ಕೈಟ್ ಜಾತಿಯ ಕೆಲವು ಪದರಪದರದ ಹರಳುಗಳು ಕಂಪನದ ದಿಕ್ಕಿಗೆ ತಕ್ಕಂತೆ ಹೆಚ್ಚು ಇಲ್ಲವೆ ಕಡಿಮೆ ವಿದ್ಯುತ್ ಹರಿಸಿ ಅದನ್ನು ಗುರುತಿಸುತ್ತವೆ. ಆದರೆ ಇವುಗಳಲ್ಲಿ ಅನೇಕವು ತೇವಕ್ಕೆ ಕೆಡುತ್ತವೆ. ಹಲವದರಲ್ಲಿ ವಿಷಕಾರಿ ಸೀಸವೂ ಇದೆ. ಮಲೆನಾಡಿನ ಮಳೆ ತಾಳದ, ಕೆರೆಬಾವಿಗೆ ಕೇಡಾಗುವ ವಸ್ತು ತೋಟಕ್ಕೆ ತರವಲ್ಲ.

ಆಕಾಶದ ಇಂತಹ ಬೆಳಕನ್ನೇ ನೋಡಿ ಜೇನುನೊಣ ದಾರಿ ಹಿಡಿಯುವುದನ್ನು ಕಾರ್ಲ್ ಫಾನ್ ಫ್ರಿಶ್ 1949ರಲ್ಲಿ ತೋರಿಸಿದರು. ರೊಬಸ್ಟಾ ಕಾಯಿಕಟ್ಟಲು ನೆರವಾಗುವ ಆ ಜೇನು ನಮ್ಮಲ್ಲೇ ಇದೆ. ಹೂವರಳಿದಾಗ ಕೀಟನಾಶಕ ಸಿಂಪಡಿಸದೆ ಅದನ್ನು ಉಳಿಸಿಕೊಳ್ಳೋಣ.